ಹಗ್ಗದ ತುದಿಯಲ್ಲಿ ಒಬ್ಬ

“ಕೊನೇಲಿ ಹಂಗೆ ಪಟ್ಟಂತ ನಿಂತೋಗ್ತದಲ್ಲ, ಅದೇ ಕಣೋ ಈ ಹಾಡಿನ ಜೀವ,” ಅಂದ ಸಿದ್ಧಾರ್ಥ.

ಕೆಂಗೇರಿಯಲ್ಲಿ ಒಬ್ಬರ ಮನೆಯ ಮಹಡಿಯ ಮೇಲಿದ್ದ ಸ್ಟುಡಿಯೊ ಅದು. ಗೋಡೆಗೆಲ್ಲ ಮೊಟ್ಟೆ ಇಡುವ ರಟ್ಟಿನ ಟ್ರೇಗಳನ್ನು ಅಂಟಿಸಿದ್ದರು. ಕಂಪ್ಯೂಟರಿನ ಮುಂದೆ ಕೂತಿದ್ದಾತ ಹಾಡಿನ ಕೊನೆಯನ್ನು ಇನ್ನೊಂದು ಸಲ ಹಾಕಿದ. ಗಿಟಾರು ಏರಿತು, ಡ್ರಮ್ಮು ಏರಿತು, ಅವೆರಡರ ಮೇಲೆ ನನ್ನ ದನಿ ಒಂದೇ ಉಸಿರಿನಲ್ಲಿ ಹತ್ತಿಕೊಂಡು ಹೋಯಿತು, ಇನ್ನೇನು ಯಾವುದನ್ನೋ ಮುಟ್ಟಬೇಕು ಅನ್ನುವಷ್ಟರಲ್ಲಿ ಎಲ್ಲ ನಿಂತಿತು. ಕರೆಂಟು ಹೋದ ಹಾಗೆ. ಕೇಳಿದವರು ಬೆಚ್ಚಿಬಿದ್ದು ಇನ್ನೊಂದು ಸಲ ಹಾಕಿಸಿಕೊಂಡು ಕೇಳುತ್ತಾರೆ ಎಂದು ಆತನೂ ಹೇಳಿದ. ಡ್ರಮ್ ಬಾರಿಸುವ ಸಮದ್ ಕಡ್ಡಿಗಳನ್ನು ಮಂಡಿಯ ಮೇಲೆ ತಟ್ಟುತ್ತ ತಲೆಯಾಡಿಸಿದ.

ಸಿದ್ಧಾರ್ಥ ನನ್ನ ಕಡೆ ತಿರುಗಿದ. ಅವನು ಒಳ್ಳೆಯವನು, ಅದನ್ನು ಮೊದಲೇ ಹೇಳಿಬಿಡುತ್ತೇನೆ. “ಅನಂತ, ನಿಜವಾದ ಹಾಡಿನಲ್ಲಿ ಇದ್ರ ಮುಂದೆ ಏನಾದ್ರೂ ಐತಾ? ಇದ್ರೆ ಹೇಳ್ಬುಡು. ಅದನ್ನ ಹಾಡೋ ಕಾಡಿನ ಜನಕ್ಕೆ ಬೇಜಾರಾಗ್ಬಾರ್ದು.”

“ಏನಿಲ್ಲ,” ಅಂದೆ. “ಅಷ್ಟೇ.”

ನಾನು ಮಾಡಿದ್ದು ಇಷ್ಟೇ, ಎರಡು ಮಾತು. ಉಳಿದದ್ದೆಲ್ಲ ಅದರ ಹಿಂದೆ ಬಂದದ್ದು.

ಎರಡು ಸಾವಿರದ ಏಳನೇ ಇಸವಿ. ಬಿಡದಿ ಕೈಗಾರಿಕಾ ಪ್ರದೇಶದಲ್ಲಿ ಕಾರಿನ ಸೀಟಿಗೆ ಹೊದಿಕೆ ಹೊಲಿಯುವ ಒಂದು ಕಾರ್ಖಾನೆಯಲ್ಲಿ ನಾವು ಮೂವರೂ ಇದ್ದೆವು. ನಾನು ಹೊಲಿಗೆ ಸಾಲಿನಲ್ಲಿ, ಸಮದ್ ಬಟ್ಟೆ ಕತ್ತರಿಸುವಲ್ಲಿ, ಡಿಪ್ಲೊಮಾ ಓದಿದ್ದ ಸಿದ್ಧಾರ್ಥ ತಪ್ಪು ಹುಡುಕುವ ವಿಭಾಗದಲ್ಲಿ. ಅವನ ಅಪ್ಪ ನಂಜುಂಡಯ್ಯನವರು ಕನಕಪುರದಲ್ಲಿ ಮೇಷ್ಟ್ರಾಗಿದ್ದವರು. ಪರಿಚಯವಾದ ಮೊದಲ ದಿನವೇ, ಕ್ಯಾಂಟೀನಿನ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದಾಗ, ಸಿದ್ಧಾರ್ಥ ತಾನು ಯಾವ ಕೇರಿಯವನು, ತನ್ನ ತಾತ ಯಾರ ಹೊಲದಲ್ಲಿ ಜೀತಕ್ಕಿದ್ದ ಎಂಬುದನ್ನೆಲ್ಲ ಹವಾಮಾನದ ಸುದ್ದಿ ಹೇಳುವ ಹಾಗೆ ಹೇಳಿಬಿಟ್ಟಿದ್ದ. ನಮ್ಮಪ್ಪ ಹೇಳ್ಕೊಟ್ಟಿರೋದು ಹಂಗೆ, ಮೊದ್ಲೇ ಹೇಳ್ಬುಟ್ರೆ ಆಮೇಲೆ ಹೊಟ್ಟೆ ಹಗುರ ಅಂತ ನಕ್ಕಿದ್ದ. ಆಮೇಲೆ ನಿಮ್ಮದು ಎಲ್ಲಿ ಎಂದು ಕೇಳಿದ. ತಿಪ್ಪಸಂದ್ರದ ಕಡೆ, ವ್ಯವಸಾಯ ಅಂದೆ. ಬಡಿಸುವವನು ಅಷ್ಟರಲ್ಲಿ ನನ್ನ ತಟ್ಟೆಗೆ ಸಾರು ಹಾಕಿದ್ದರಿಂದ ಮಾತು ಅಲ್ಲಿಗೆ ನಿಂತಿತು.

ನಮ್ಮ ಅಭ್ಯಾಸವೆಲ್ಲ ರಾಮನಗರದಲ್ಲಿ, ಸಮದನ ಮಾವ ಅಸದುಲ್ಲಾ ಸಾಹೇಬರ ಮುಚ್ಚಿದ ಫಿಲೇಚರಿನಲ್ಲಿ, ಅಂದರೆ ರೇಷ್ಮೆ ನೂಲು ತೆಗೆಯುವ ಕಾರ್ಖಾನೆಯಲ್ಲಿ. ಚೀನಾ ರೇಷ್ಮೆ ಬಂದ ಮೇಲೆ ಅವರು ನೂಲು ತೆಗೆಯುವುದನ್ನು ಬಿಟ್ಟಿದ್ದರು. ಬೇಯಿಸಿದ ಗೂಡಿನ ವಾಸನೆ ಮಾತ್ರ ಗೋಡೆ ಬಿಟ್ಟು ಹೋಗಿರಲಿಲ್ಲ. ಸಾಹೇಬರು ಬಾಗಿಲಲ್ಲಿ ಕೂತು ಎಲೆಯಡಿಕೆ ಹಾಕಿಕೊಂಡು ನಾವು ಬಾರಿಸುವುದನ್ನು ಕೇಳುತ್ತಿದ್ದರು. ಇಪ್ಪತ್ತು ಮಷೀನು ಒಟ್ಟಿಗೆ ತಿರುಗುತ್ತಿದ್ದಾಗ ಇದಕ್ಕಿಂತ ಇಂಪಾಗಿತ್ತು ಎಂಬುದು ಅವರ ಅಭಿಪ್ರಾಯ. ನಮ್ಮ ಬ್ಯಾಂಡಿಗೆ ಫಿಲೇಚರ್ ಅಂತಲೇ ಹೆಸರಿಟ್ಟೆವು.

ಒಂದು ಭಾನುವಾರ ಕರೆಂಟು ಹೋಯಿತು. ಸಿದ್ಧಾರ್ಥನ ಗಿಟಾರು ಸತ್ತಿತು. ಸಮದ್ ಸುಮ್ಮನೆ ಬೆರಳಿನಲ್ಲಿ ಡ್ರಮ್ಮಿನ ಅಂಚು ತಟ್ಟುತ್ತಿದ್ದ. ಆ ತಾಳಕ್ಕೆ ನನ್ನ ಬಾಯಿಂದ ಅದು ತಾನಾಗಿ ಬಂತು. ಎರಡು ಸಾಲು ಆದ ಮೇಲೆ ನೋಡಿದರೆ ಸಾಹೇಬರು ಎಲೆ ಅಗಿಯುವುದನ್ನು ನಿಲ್ಲಿಸಿದ್ದಾರೆ. ಎಲ್ಲೀದು, ಯಾವ ಭಾಷೆ ಅಂದರು. ಕಾಡಿನ ಜನ ಹಾಡುತ್ತಾರೆ ನಮ್ಮೂರ ಕಡೆ, ಇರುಳಿಗರು, ಚಿಕ್ಕವನಿದ್ದಾಗ ಕೇಳಿ ಕಲಿತದ್ದು ಅಂದೆ. ‘ಅವರು’ ಅಂದೆ.

ನಾನೇ ಇರುಳಿಗ. ಅನಂತರಾಜು ಎಂಬುದು ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ಹೆಸರು. ಮನೆಯಲ್ಲಿ ನಾನು ಬೋರ, ಮಾದಿಯ ಮಗ. ಮಾದಿ ನಾನು ನಡೆಯುವುದನ್ನು ಕಲಿಯುವ ಮೊದಲೇ ತೀರಿಕೊಂಡಳು. ಸಾಕಿದವಳು ಅವಳ ಅಕ್ಕ, ನನ್ನ ದೊಡ್ಡವ್ವ ಕೆಂಚಮ್ಮ. ಹಾಡು ಅವಳದು.

ಅದು ಹೆಜ್ಜೇನಿನ ಹಾಡು. ನಮ್ಮ ಕಾಲೊನಿಯ ಹಿಂದೆ ದೊಡ್ಡ ಬಂಡೆ. ಅದರ ಹೊಟ್ಟೆಯ ಭಾಗದಲ್ಲಿ ಜೇನು ಕಟ್ಟುತ್ತಿತ್ತು. ಗಂಡಸು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಮೇಲಿನಿಂದ ಕೆಳಗೆ ಇಳಿಯಬೇಕು. ಹಗ್ಗ ಹಿಡಿಯುವವನು ಅವನ ಭಾವಮೈದ. ಇಳಿದವನಿಗೆ ಮೇಲಿನವರು ಕಾಣುವುದಿಲ್ಲ, ಹೊಗೆ, ಜೇನಿನ ಮೊರೆತ. ಹಾಗಾಗಿ ಹಗ್ಗದ ಪಕ್ಕದಲ್ಲಿ ಒಬ್ಬ ಹೆಂಗಸು ನಿಂತು ಹಾಡುತ್ತಿರಬೇಕು. ಹಾಡು ಕೇಳುತ್ತಿದೆ ಅಂದರೆ ಹಗ್ಗ ಗಟ್ಟಿಯಾಗಿದೆ ಎಂದು ಅರ್ಥ. ನಡುವೆ ನಿಲ್ಲಿಸುವ ಹಾಗಿಲ್ಲ. ನನ್ನ ದೊಡ್ಡಪ್ಪ ಕೆಳಗಿದ್ದಾಗ ಒಂದು ಸಲ ದೊಡ್ಡವ್ವನಿಗೆ ಸೀನು ಬಂದು ಅರ್ಧ ಸಾಲು ತಪ್ಪಿಹೋಯಿತಂತೆ. ಅಷ್ಟಕ್ಕೇ ಅವನು ಬಂಡೆಗೆ ಹಲ್ಲಿಯ ಹಾಗೆ ಅಂಟಿಕೊಂಡು ಬೈದ ಬೈಗುಳ ಕೆಳಗಿನ ಊರಿಗೆಲ್ಲ ಕೇಳಿತಂತೆ, ಮೂರು ದಿನ ಮಾತು ಬಿಟ್ಟಿದ್ದನಂತೆ.

ಹಾಡು ಮುಗಿಯುವುದು ಹಾಡುವವಳಿಂದಲ್ಲ. ಹೋದವನು ಮೇಲೆ ಬಂದು, ಬಂಡೆಯ ಮೇಲೆ ಎರಡೂ ಕಾಲಿಟ್ಟು, ತನ್ನ ತಾಯಿಯ ಹೆಸರು ತನ್ನ ಹೆಸರು ಹೇಳಿ ‘ಬಂದೆ’ ಅನ್ನಬೇಕು. ಆಗ ಅವಳು ನಿಲ್ಲಿಸುತ್ತಾಳೆ. ಅಲ್ಲಿಯವರೆಗೆ ಕೊನೆಯ ಸಾಲುಗಳನ್ನೇ ಸುತ್ತಿ ಸುತ್ತಿ ಹಾಡುತ್ತಿರಬೇಕು. ನಮ್ಮ ದೊಡ್ಡಪ್ಪನಿಗೆ ತಮಾಷೆ ಜಾಸ್ತಿ. ಒಮ್ಮೆ ಮೇಲೆ ಬಂದವನು ಬೇಕೆಂದೇ ಹೆಸರು ಹೇಳದೆ ಬೀಡಿ ಹಚ್ಚಿಕೊಂಡು ಕೂತ. ದೊಡ್ಡವ್ವ ಹಾಡುತ್ತಲೇ ಅವನನ್ನು ಒದ್ದಳು, ಹಾಡುತ್ತಲೇ ಬೀಡಿ ಕಿತ್ತುಕೊಂಡಳು, ನಿಲ್ಲಿಸಲಿಲ್ಲ. ನಾನು ಅಲ್ಲೇ ಬಂಡೆಯ ಮೇಲೆ ಬೋರಲು ಮಲಗಿಕೊಂಡು ನಗುತ್ತಿದ್ದೆ. ಕೊನೆಗೆ ಅವನೇ ಸೋತು ಹೆಸರು ಹೇಳಿದ.

ಸ್ಟುಡಿಯೊದಲ್ಲಿ ಸಿದ್ಧಾರ್ಥ ಕೇಳಿದಾಗ ಇದೆಲ್ಲ ನನ್ನ ನಾಲಗೆಯ ತುದಿಯಲ್ಲಿತ್ತು. ಹೇಳಿದ್ದರೆ ಹಾಡಿನ ಕೊನೆಯಲ್ಲಿ ನಾನು ಮೈಕಿನ ಮುಂದೆ ನಿಂತು ಮಾದಿಯ ಮಗ ಬೋರ ಬಂದೆ ಅನ್ನಬೇಕಾಗುತ್ತಿತ್ತು. ಬೇರೆ ಯಾವುದೋ ಹೆಸರು ಹಾಕಬಹುದಿತ್ತಲ್ಲ ಅಂತೀರಿ. ಹಾಕಬಾರದು. ಇಳಿದವನೇ ತನ್ನ ಹೆಸರು ಹೇಳಬೇಕು. ಆ ಭಾಷೆ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಅಷ್ಟು ಸುಳ್ಳು ನನ್ನ ಬಾಯಲ್ಲಿ ಬರಲಿಲ್ಲ. ಹಾಗಾಗಿ ಅದಕ್ಕಿಂತ ಸುಲಭವಾದ ಸುಳ್ಳು ಹೇಳಿದೆ.

ಸಂಕ್ರಾಂತಿಯ ಹೊತ್ತಿಗೆ ಹಾಡು ಹೊರಗೆ ಬಂತು. ನಮ್ಮ ಮೊದಲನೆಯದು, ಒಂದೇ ಹಾಡಿನ ಸಿಡಿ. ಬೆಂಗಳೂರಿನ ಒಂದು ಎಫ್‌ಎಂನವರು ಹಾಕಿದರು, ಜನ ಫೋನು ಮಾಡಿ ಕೇಳಿದರು, ಮತ್ತೆ ಹಾಕಿದರು. ಕಾರ್ಖಾನೆಯಲ್ಲಿ ನಮ್ಮ ಮೂವರಿಗೂ ಶಾಲು ಹೊದಿಸಿದರು. ಒಂದು ಬೆಳಿಗ್ಗೆ ಕಂಪನಿ ಬಸ್ಸಿನಲ್ಲಿ ಮುಂದಿನ ಸೀಟಿನವನು, ಚನ್ನಪಟ್ಟಣದ ಅಕ್ಕೂರಿನ ಸ್ವಾಮಿ ಅಂತ, ಹಲ್ಲುಕಡ್ಡಿ ಕಚ್ಚಿಕೊಂಡೇ ಅದನ್ನು ಗುನುಗುತ್ತಿದ್ದ. ಹದಿನೈದು ವರ್ಷ ನಾನು ಹೊರಗಿನವರ ಮುಂದೆ ಒಂದು ಪದವೂ ಬಾಯಿಬಿಡದೆ ಮುಚ್ಚಿಟ್ಟುಕೊಂಡಿದ್ದ ಮಾತು. ಅವನ ಬಾಯಲ್ಲಿ ಅದಕ್ಕೆ ಯಾವ ಭಯವೂ ಇರಲಿಲ್ಲ. ನಾನು ಕಿಟಕಿಯ ಕಡೆ ಮುಖ ಮಾಡಿಕೊಂಡೆ.

ಸಿಡಿಯ ಮೇಲೆ ‘ಹಾಡು: ಸಾಂಪ್ರದಾಯಿಕ’ ಎಂದು ಅಚ್ಚಾಗಿತ್ತು. ಸಿದ್ಧಾರ್ಥನಿಗೆ ಅದು ಚುಚ್ಚತೊಡಗಿತು. ಸಾಂಪ್ರದಾಯಿಕ ಅಂದರೆ ಯಾರದೂ ಅಲ್ಲ ಅಂದ ಹಾಗಾಯಿತು, ಯಾರೋ ಒಬ್ಬರು ಹಾಡಿದ್ದಕ್ಕೆ ತಾನೆ ಅನಂತನ ಕಿವಿಗೆ ಬಿದ್ದದ್ದು ಎಂದು ಸಮದನ ಹತ್ತಿರ ಹೇಳಿದನಂತೆ. ನನಗೆ ತಿಳಿಸದೆ ತಿಪ್ಪಸಂದ್ರದಲ್ಲಿ ವಿಚಾರಿಸಿದ್ದ. ಮಾರ್ಚ್ ತಿಂಗಳ ಒಂದು ಶನಿವಾರ ಬಂದು, ಸಿಕ್ಕಿದ್ರು ಕಣೋ, ಒಬ್ಬ ಅಜ್ಜಿ ಇದಾರೆ, ಕೆಂಚಮ್ಮ ಅಂತ, ಈಗ ಅದನ್ನ ಪೂರ್ತಿ ಬಲ್ಲೋರು ಅವರೊಬ್ರೇ ಅಂತೆ, ನಾಳೆ ಹೋಗಿ ಕೇಳಿಸಿ ಅವರ ಹೆಸರು ಹಾಕ್ತೀವಿ ಅಂತ ಹೇಳಿ ಬರೋಣ ಅಂದ. ಓವರ್‌ಟೈಮ್ ಇದೆ ಎಂದು ನೋಡಿದೆ. ಜ್ವರ ಎಂದು ನೋಡಿದೆ. ಸಮದ್ ನನ್ನ ಹಣೆ ಮುಟ್ಟಿ, ಅಮ್ಮಿಯ ಕೈಯಲ್ಲಿ ಇದಕ್ಕಿಂತ ಬಿಸಿ ರೊಟ್ಟಿ ತಿಂದಿದ್ದೇನೆ, ನಡಿ ಅಂದ.

ಎರಡು ಬೈಕಿನಲ್ಲಿ ಹೋದೆವು. ನಾನು ಅಲ್ಲಿಗೆ ಕಾಲಿಟ್ಟು ನಾಲ್ಕು ವರ್ಷವಾಗಿತ್ತು. ದಾರಿಯುದ್ದಕ್ಕೂ ದೊಡ್ಡವ್ವ ಕೂಲಿಗೆ ಹೋಗಿರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಕಾಲೊನಿಯ ಹಿಂದಿನ ಬಂಡೆ ಅರ್ಧ ಇರಲಿಲ್ಲ, ಕ್ವಾರಿಯವರು ಬೆಣ್ಣೆ ಕೊಯ್ದ ಹಾಗೆ ಕೊಯ್ದಿದ್ದರು. ಜೇನು ಕಟ್ಟುತ್ತಿದ್ದ ಹೊಟ್ಟೆಯ ಜಾಗದಲ್ಲಿ ಬರೀ ಆಕಾಶ ಕಾಣುತ್ತಿತ್ತು.

ದೊಡ್ಡವ್ವ ಮನೆಯ ಮುಂದೆಯೇ ಇದ್ದಳು. ಕಾಲು ಚಾಚಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಬೈಕಿನ ಸದ್ದಿಗೆ ತಲೆ ಎತ್ತಿದಳು. ಸಿದ್ಧಾರ್ಥನನ್ನು ನೋಡಿದಳು, ಸಮದನನ್ನು ನೋಡಿದಳು, ಆಮೇಲೆ ಹೆಲ್ಮೆಟ್ಟು ತೆಗೆಯದೆ ಹಿಂದೆ ನಿಂತಿದ್ದ ನನ್ನನ್ನು ನೋಡಿದಳು. ನಿಂತ ಭಂಗಿಯಲ್ಲೇ ಗುರುತು ಸಿಕ್ಕಿತು. ಅವಳ ಮುಖ ಅರಳಿ, ಬಾಯಿ ತೆರೆಯಿತು.

ನಾನು ತಲೆ ಅಲ್ಲಾಡಿಸಿದೆ. ಒಂದೇ ಸಲ, ಸಣ್ಣಗೆ, ಬೇಡ ಎಂದು.

ಅವಳ ಬಾಯಿ ಮುಚ್ಚಿಕೊಂಡಿತು. ಸೆರಗಿಗೆ ಕೈ ಒರೆಸಿಕೊಂಡು ಎದ್ದು, “ಬನ್ನಿ ಸ್ವಾಮೇರಾ. ಯಾವೂರಿಂದ ಬಂದ್ರಿ?” ಅಂದಳು.

ಕನ್ನಡದಲ್ಲಿ ಅಂದಳು. ನನ್ನ ಜೀವಮಾನದಲ್ಲಿ ಅವಳು ನನ್ನ ಜೊತೆ ಕನ್ನಡ ಆಡಿದವಳಲ್ಲ. ಅದು ಅವಳು ಫಾರೆಸ್ಟ್ ಗಾರ್ಡಿಗೆ, ತೋಟದ ಯಜಮಾನರಿಗೆ, ಸೂಜಿ ಚುಚ್ಚುವ ನರ್ಸಮ್ಮನಿಗೆ ಇಟ್ಟುಕೊಂಡಿದ್ದ ದನಿ. ಮೂವರಿಗೂ ಒಂದೇ ಚಾಪೆ ಹಾಸಿದಳು. ಪಕ್ಕದ ಮನೆಯಿಂದ ಮೂರು ಸ್ಟೀಲ್ ಲೋಟ ಇಸಕೊಂಡು ಬಂದು ನೀರು ಕೊಟ್ಟಳು. ನನಗೂ ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ನಾನು ಹೆಲ್ಮೆಟ್ಟು ತೆಗೆದು ಕುಡಿದೆ. ಅವಳು ನನ್ನ ಮುಖ ನೋಡಲಿಲ್ಲ.

ಸಿದ್ಧಾರ್ಥ ಬಂದ ಕಾರಣ ಹೇಳಿದ. ಸಮದ್ ತನ್ನ ದೊಡ್ಡ ಸ್ಪೀಕರಿನ ಚೀನಾ ಮೊಬೈಲನ್ನು ಹುಣಸೆಹಣ್ಣಿನ ರಾಶಿಯ ಪಕ್ಕ ಇಟ್ಟು ಹಾಡು ಹಚ್ಚಿದ. ಡ್ರಮ್ಮಿನ ಸದ್ದಿಗೆ ದೊಡ್ಡವ್ವ ಹಿಂದಕ್ಕೆ ಸರಿದಳು. “ಇದೇನಪ್ಪಾ, ಕ್ವಾರಿಯೋರ್ನೂ ಸೇರಿಸ್ಕಂಡಿದ್ದೀರಾ?”

ಸಮದ್ ಹೊಟ್ಟೆ ಹಿಡಿದುಕೊಂಡು ನಕ್ಕ, ಆ ಕ್ವಾರಿ ತಾನೇ ಅಂದ. ಆಮೇಲೆ ನನ್ನ ದನಿ ಬಂತು. ಅವಳ ಕೈ ಹುಣಸೆಹಣ್ಣಿನ ಮೇಲೆ ನಿಂತಿತು. ಸಾಲು ಸಾಲಿಗೂ ಅವಳ ಕತ್ತು ಒಸಿ ಒಸಿ ತೂಗುತ್ತಿತ್ತು. ಒಂದು ಕಡೆ ನಾನು ರಾಗ ಎಳೆದದ್ದು ಅವಳಿಗೆ ಸರಿ ಕಂಡಿರಬೇಕು, ತುಟಿಯ ಕೊನೆಯಲ್ಲಿ ನಗು ಬಂತು. ನಾನು ಕಲಿಯದಿದ್ದಾಗ ಕಿವಿ ಹಿಂಡಿ ಕಲಿಸಿದ ಜಾಗ ಅದು. ಗಿಟಾರು ಏರಿತು, ಡ್ರಮ್ಮು ಏರಿತು, ಅವಳು ಮುಂದಕ್ಕೆ ಬಾಗಿದಳು. ಪಟ್ಟಂತ ನಿಂತಿತು.

ಅವಳು ಕಾದಳು. ಮೊಬೈಲನ್ನು ಎತ್ತಿ ಹಿಂದೆ ಮುಂದೆ ನೋಡಿದಳು.

“ಆಮ್ಯಾಕೆ?”

“ಅಷ್ಟೇ ಅಜ್ಜಿ. ಮುಗೀತು,” ಅಂದ ಸಿದ್ಧಾರ್ಥ.

“ಅವ್ನು ಮ್ಯಾಲಕ್ಕೆ ಬರ್ಲಿಲ್ವಲ್ಲಾ.”

ಯಾರು ಎಂದು ಸಿದ್ಧಾರ್ಥ ನಗುತ್ತಲೇ ಕೇಳಿದ. ಅವಳು ಹೇಳಿದಳು. ಬಂಡೆ, ಹಗ್ಗ, ಭಾವಮೈದ, ಹಾಡು ಯಾಕೆ ನಿಲ್ಲಬಾರದು, ಕೊನೆಯಲ್ಲಿ ಹೆಸರು ಯಾಕೆ. ಬಿಡಿಸಿ ಬಿಡಿಸಿ, ತನ್ನ ಹರಕು ಕನ್ನಡದಲ್ಲಿ, ಸೀನಿದ ಕಥೆ ಬಿಟ್ಟು ಎಲ್ಲವನ್ನೂ ಹೇಳಿದಳು. ಸಿದ್ಧಾರ್ಥನ ನಗು ಹೋಯಿತು. ಅವನು ಎಣಿಸುತ್ತಿದ್ದನೋ ಏನೋ, ಎಷ್ಟು ಸಿಡಿ, ಎಷ್ಟು ಸಲ ರೇಡಿಯೊದಲ್ಲಿ, ಅಷ್ಟೂ ಸಲ ಯಾರೋ ಒಬ್ಬ ಹೊಗೆಯೊಳಗೆ ತೂಗಾಡುತ್ತಿದ್ದಾನೆ. ನನ್ನ ಕಡೆ ತಿರುಗಿದ.

“ನಿಂಗೆ ಗೊತ್ತಿರ್ಲಿಲ್ವೇನೋ?”

ನಾನು ಲೋಟದೊಳಗೆ ನೋಡಿದೆ. ಅದರಲ್ಲಿ ನೀರು ಮುಗಿದಿತ್ತು.

ಉತ್ತರ ಕೊಟ್ಟವಳು ದೊಡ್ಡವ್ವ. “ಅವ್ರಿಗೆಂಗೆ ಗೊತ್ತಾದಾತು ಬುಡಿ. ಅವ್ರು ಊರ ಕಡೆಯೋರು.”

ಅವಳು ಅದನ್ನು ಕೊಂಕಿನಿಂದ ಹೇಳಿದ್ದರೆ ನನಗೆ ಬದುಕಿಕೊಳ್ಳಲು ಒಂದು ದಾರಿ ಇರುತ್ತಿತ್ತು. ಹಾಗೆ ಹೇಳಲಿಲ್ಲ. ಚಿಕ್ಕಂದಿನಲ್ಲಿ ನಾನು ಯಾರದೋ ತೋಟದ ಮಾವಿನಕಾಯಿ ಕದ್ದು ಸಿಕ್ಕಿಬಿದ್ದಾಗ ನಮ್ಮ ಹುಡುಗ ಮನೆ ಬಿಟ್ಟು ಹೋಗೇ ಇಲ್ಲ ಎಂದು ತೋಟದವರ ಮುಂದೆ ನಿಂತಿದ್ದಳಲ್ಲ, ಅದೇ ಮುಖ.

ಆಮೇಲೆ, ಹಂಗೇ ಬುಡಕ್ಕಾಗಲ್ಲ, ಒಸಿ ತಡೀರಿ ಅಂದು, ಹಾಡು ಎಲ್ಲಿ ನಿಂತಿತ್ತೋ ಅಲ್ಲಿಂದ ಎತ್ತಿಕೊಂಡಳು. ಎಪ್ಪತ್ತು ದಾಟಿದ ದನಿ, ಅಂಚೆಲ್ಲ ಸವೆದಿತ್ತು. ಸಿದ್ಧಾರ್ಥ ತನ್ನ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳತೊಡಗಿದ. ಅವಳ ಎರಡೂ ಕೈ ಮಡಿಲಲ್ಲಿ, ಹಗ್ಗ ಹಿಡಿದ ಹಾಗೆ, ಒಂದರ ಮುಂದೊಂದು ಮುಷ್ಟಿಯಾಗಿದ್ದವು. ಕೊನೆಯ ಸಾಲು ಬಂತು. ಅವಳು ಮತ್ತೆ ಹಿಂದಿನ ಸಾಲಿಗೆ ಹೋದಳು. ಮತ್ತೆ ಬಂತು, ಮತ್ತೆ ಹೋದಳು.

ನಾಲ್ಕನೆಯ ಸುತ್ತಿಗೆ ಸಮದ್, ಎಷ್ಟು ಉದ್ದ ಐತೆ ಮಾರಾಯ ಎಂದು ನನ್ನ ಕಿವಿಯಲ್ಲಿ ಅಂದ. ಆರನೆಯ ಸುತ್ತಿಗೆ ಅವಳ ಉಸಿರು ಕಿರಿದಾಯಿತು. ಕೆಮ್ಮು ಬಂತು, ಅದನ್ನು ನುಂಗಿದಳು, ಕಣ್ಣಲ್ಲಿ ನೀರು ಬಂತು, ಹಾಡು ಬಿಡಲಿಲ್ಲ. ನನ್ನನ್ನು ಕರೆಯಲಿಲ್ಲ, ನನ್ನ ಕಡೆ ತಿರುಗಲೂ ಇಲ್ಲ. ಕಡಿದು ಹೋದ ಬಂಡೆಯ ಕಡೆ ನೋಡುತ್ತ ಹಾಡುತ್ತಿದ್ದಳು. ನನಗೆ ಗೊತ್ತಿತ್ತು, ಅವಳು ನಿಲ್ಲಿಸುವುದಿಲ್ಲ. ದೊಡ್ಡಪ್ಪನ ಬೀಡಿಗೇ ನಿಲ್ಲಿಸದವಳು. ಹೆಸರು ಹೇಳಬೇಕಾದವನು ಹೇಳದಿದ್ದರೆ ಅವಳ ಉಸಿರು ಹೋಗುತ್ತದೆಯೇ ಹೊರತು ಹಾಡು ಹೋಗುವುದಿಲ್ಲ.

ಎಷ್ಟು ಸುತ್ತು ಹಾಗೆ ಕೂತಿದ್ದೆ ಎಂದು ಬರೆಯಲು ನಾಚಿಕೆಯಾಗುತ್ತದೆ. ಎಂಟು ಇರಬಹುದು. ಎದ್ದು ನಿಂತದ್ದು ಒಳ್ಳೆಯತನದಿಂದಲ್ಲ. ಅವಳ ದನಿ ಒಂದು ಕಡೆ ಒಡೆದು ಬರೀ ಗಾಳಿ ಬಂತು, ಅದನ್ನು ಕೇಳಲಾಗಲಿಲ್ಲ, ಅಷ್ಟೇ. ಚಾಪೆಯಿಂದ ಆಚೆ, ಮಣ್ಣಿನ ಮೇಲೆ ಎರಡೂ ಕಾಲಿಟ್ಟು, ನಮ್ಮ ಮಾತಿನಲ್ಲಿ ಹೇಳಿದೆ. ಮಾದಿಯ ಮಗ ಬೋರ, ಬಂದೆ. ಹೇಳಿದ್ದು ನನಗೇ ಸರಿಯಾಗಿ ಕೇಳಲಿಲ್ಲ.

ಹಾಡು ನಿಂತಿತು.

ಸಿದ್ಧಾರ್ಥ ಫೋನನ್ನು ನಿಧಾನವಾಗಿ ಕೆಳಗಿಳಿಸಿದ. ಅವನು ಏನೂ ಕೇಳದೇ ಇದ್ದದ್ದು ಇವತ್ತಿಗೂ ನನ್ನ ಬೆನ್ನ ಮೇಲಿದೆ. ಕೇಳಿದವನು ಸಮದ್.

“ಬೋರ ಅಂದ್ರೆ ಯಾರೋ?”

“ನಾನು,” ಅಂದೆ.

ದೊಡ್ಡವ್ವ ಮುಷ್ಟಿ ಬಿಚ್ಚಿ, ಹಗ್ಗ ಉಜ್ಜಿದ ಉರಿ ಆರಿಸುವ ಹಾಗೆ ಎರಡೂ ಅಂಗೈಯನ್ನು ಸೀರೆಗೆ ತಿಕ್ಕಿಕೊಂಡಳು. ಆಮೇಲೆ ಮೊದಲ ಸಲ ನನ್ನ ಮುಖ ನೋಡಿ, ನಮ್ಮ ಮಾತಿನಲ್ಲೇ, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ, “ಇಷ್ಟೊತ್ತು ನೇತಾಡ್ತಿದ್ಯೇನ್ಲಾ, ನನ್ನ ಕೈ ಬಿದ್ದೋಯ್ತು,” ಅಂದಳು. “ಕುಡಿಯಾಕೆ ನೀರಿಲ್ಲ. ತಕಂಡ್ಬಾ ಹೋಗು.”

ಬಾಗಿಲ ಪಕ್ಕದಲ್ಲಿದ್ದ ಖಾಲಿ ಪ್ಲಾಸ್ಟಿಕ್ ಬಿಂದಿಗೆಯನ್ನು ಕಾಲಿನಲ್ಲೇ ನನ್ನ ಕಡೆ ನೂಕಿದಳು. ಅದು ಉರುಳಿಕೊಂಡು ಬಂದು ನನ್ನ ಬೂಟಿಗೆ ತಾಗಿತು. ಎತ್ತಿಕೊಂಡೆ. ನಲ್ಲಿಯ ದಾರಿ ಕೇಳಬೇಕಾಗಿರಲಿಲ್ಲ, ಕಣ್ಣು ಕಟ್ಟಿ ಬಿಟ್ಟರೂ ಹೋಗುತ್ತಿದ್ದ ದಾರಿ, ಹುಣಸೆಮರ ದಾಟಿ ಎಡಕ್ಕೆ, ಮಾರಮ್ಮನ ಕಲ್ಲಿನ ಪಕ್ಕ. ಬೇಗ ಬೇಗ ನಡೆದೆ. ಅಲ್ಲಿ ನಲ್ಲಿ ಇರಲಿಲ್ಲ. ಒಣಗಿದ ಸಿಮೆಂಟಿನ ಕಟ್ಟೆಯ ನಡುವೆ ಗೇಣುದ್ದದ ಪೈಪಿನ ಮೊಂಡು, ಅದರ ಬಾಯಿಗೆ ಬಟ್ಟೆ ತುರುಕಿದ್ದರು. ಯಾವಾಗ ಬದಲಾಯಿಸಿದರೋ, ಹೊಸ ನಲ್ಲಿ ಯಾವ ಕಡೆಯೋ ನನಗೆ ಗೊತ್ತಿರಲಿಲ್ಲ. ಹಿಂದೆ ಮೂವರೂ ನನ್ನನ್ನೇ ನೋಡುತ್ತಿದ್ದಾರೆ ಎಂದು ತಿರುಗದೆಯೇ ಗೊತ್ತಾಗುತ್ತಿತ್ತು. ಬಿಂದಿಗೆಯನ್ನು ಸೊಂಟಕ್ಕೆ ಇಟ್ಟುಕೊಂಡು ಆ ಪೈಪಿನ ಮುಂದೆ ನಿಂತೇ ಇದ್ದೆ.